ನಿದ್ದೆಯಲ್ಲೇ ಬೋರಲು ಬೀಳುವ ಕೂಸು: ರಾತ್ರಿಯೆಲ್ಲ ಕಾವಲು ಕೂರಬೇಕಾ?

ಪ್ರಶ್ನೆ (ನಾಲ್ಕೂವರೆ ತಿಂಗಳ ಮಗಳ ಅಮ್ಮ): ಡಾಕ್ಟರ್, ನಮಸ್ತೆ. ಮಗಳು ಹೋದ ವಾರದಿಂದ ಮಗುಚಿಕೊಳ್ಳೋಕೆ ಶುರು ಮಾಡಿದ್ದಾಳೆ. ಹಗಲಲ್ಲಿ ನೋಡೋಕೆ ಖುಷಿ, ರಾತ್ರಿ ಮಾತ್ರ ಜೀವ ಬಾಯಿಗೆ ಬರುತ್ತೆ. ಅಂಗಾತ ಮಲಗಿಸಿ ದೀಪ ಆರಿಸಿ ಸ್ವಲ್ಪ ಹೊತ್ತಿಗೆಲ್ಲ ಬೋರಲು ಬಿದ್ದು, ಮುಖ ಒಂದು ಕಡೆಗೆ ಹಾಕಿಕೊಂಡು ಸುಖವಾಗಿ ನಿದ್ದೆ ಮಾಡ್ತಿರ್ತಾಳೆ. ನಾನು ತಿರುಗಿಸಿದರೆ ಎದ್ದು ಅಳ್ತಾಳೆ. ಮತ್ತೆ ಹಾಲು, ಮತ್ತೆ ಅಂಗಾತ, ಮತ್ತೆ ಬೋರಲು. ನಾನೂ ನಮ್ಮ ಮನೆಯವರೂ ಪಾಳಿ ಮೇಲೆ ಕಾಯ್ತಿದ್ದೀವಿ. ಎರಡೂ ಪಕ್ಕ ದಿಂಬು ಇಡಿ ಅಂತ ಒಬ್ಬರು, ಬಟ್ಟೆ ಬಿಗಿಯಾಗಿ ಸುತ್ತಿ ಮಲಗಿಸಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ (ಮಕ್ಕಳ ವೈದ್ಯೆ): ಎರಡೂ ಬೇಡ. ದಿಂಬು ಇಟ್ಟಿದ್ದರೆ ಈಗಲೇ ತೆಗೆದುಬಿಡಿ, ಮಿಕ್ಕಿದ್ದು ಆಮೇಲೆ ಓದಿ. ಮಗುಚೋ ಮಗುವನ್ನ ದಿಂಬು ತಡೆಯಲ್ಲ, ಮೂಗು ಒತ್ತಿಕೊಳ್ಳೋಕೆ ಒಂದು ಮೆತ್ತನೆ ಜಾಗ ಮಾಡಿಕೊಡುತ್ತೆ ಅಷ್ಟೆ. ಬಟ್ಟೆ ಸುತ್ತೋದು ಇನ್ನೂ ಕೆಟ್ಟದ್ದು. ಕೈ ಕಟ್ಟಿದ ಮಗು ಬೋರಲು ಬಿದ್ದರೆ ಅಂಗೈ ಊರಿ ತಲೆ ಎತ್ತೋದು ಹೇಗೆ? ಮಗುಚೋಕೆ ಒದ್ದಾಡೋ ಲಕ್ಷಣ ಕಂಡ ದಿನವೇ ಸುತ್ತೋದು ನಿಲ್ಲಬೇಕು. ಮಗುಚದ ಹಾಗೆ ಹಿಡಿದಿಡುತ್ತೆ ಅಂತ ಮಾರೋ ಇಳಿಜಾರು ಫೋಮ್, ಭಾರದ ಹೊದಿಕೆ ಇವುಗಳಿಗೂ ಇದೇ ಮಾತು.

ನಿಮ್ಮ ಪ್ರಶ್ನೆಗೆ ಬರೋಣ. ನೀವು ಒಂದು ವಿಷಯ ಬರೆದಿಲ್ಲ, ಉತ್ತರ ಅದರ ಮೇಲೇ ನಿಂತಿದೆ: ಬೋರಲು ಬಿದ್ದವಳು ತಾನಾಗಿ ಅಂಗಾತಕ್ಕೆ ವಾಪಸ್ ಬರ್ತಾಳಾ? ಎರಡೂ ಕಡೆಗೆ ಸಲೀಸಾಗಿ ಮಗುಚೋ ಮಗುವನ್ನ ಅಂಗಾತ ಮಲಗಿಸಿದ ಮೇಲೆ ಅದು ಹೇಗೆ ತಿರುಗಿಕೊಂಡರೂ ಹಾಗೇ ಬಿಡಬಹುದು, ಎಬ್ಬಿಸಿ ತಿರುಗಿಸಬೇಕಾಗಿಲ್ಲ. ಬೋರಲು ಬೀಳೋದಷ್ಟೇ ಬಂದು ವಾಪಸ್ ಬರೋಕೆ ಬರದಿದ್ದರೆ, ಕಣ್ಣಿಗೆ ಬಿದ್ದಾಗ ಮೆಲ್ಲಗೆ ಅಂಗಾತ ಮಾಡಿ. ಅದಕ್ಕಾಗಿ ರಾತ್ರಿಯೆಲ್ಲ ಪಾಳಿ ಕಾಯೋದು ಬೇಡ. ನಿದ್ದೆಗೆಟ್ಟ ತಾಯಿ ಬೆಳಗಿನ ಜಾವ ಮಗುವನ್ನ ಎದೆ ಮೇಲೆ ಹಾಕಿಕೊಂಡು ಸೋಫಾದಲ್ಲೇ ಜೋಂಪು ಹತ್ತಿಬಿಡ್ತಾಳೆ. ಬೋರಲು ಬಿದ್ದಿರೋ ಮಗುವಿಗಿಂತ ನನಗೆ ಆ ಸೋಫಾದ್ದೇ ಹೆಚ್ಚು ಭಯ.

ಮಲಗಿಸುವಾಗ ಮಾತ್ರ ಒಂದು ವರ್ಷ ತುಂಬೋವರೆಗೂ, ರಾತ್ರಿಯಾಗಲಿ ಹಗಲಾಗಲಿ, ಅಂಗಾತವೇ. ಹೇಗಿದ್ದರೂ ತಿರುಗ್ತಾಳಲ್ಲ ಅಂತ ನೀವೇ ಬೋರಲು ಹಾಕಬೇಡಿ. ಮಗ್ಗುಲಾಗಿಯೂ ಬೇಡ, ಆ ಭಂಗಿ ನಿಲ್ಲಲ್ಲ, ಅಲ್ಲಿಂದ ಬೋರಲಿಗೆ ಉರುಳೋದು ಸುಲಭ.

ಇಷ್ಟು ಹಟ ಯಾಕೆ ಅಂದರೆ, ಬೋರಲು ಮಲಗಿದ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳಬಹುದು, ಮೈ ಬಿಸಿ ಹೊರಹೋಗೋದು ಕಡಿಮೆಯಾಗುತ್ತೆ, ನಿದ್ದೆಯೂ ಗಾಢವಾಗಿರುತ್ತೆ. ಗಾಢ ನಿದ್ದೆ ನಮಗೆ ಒಳ್ಳೇದು ಅನ್ನಿಸುತ್ತೆ, ಆದರೆ ಉಸಿರಿಗೆ ತೊಂದರೆಯಾದಾಗ ಚಿಕ್ಕ ಮಗು ಥಟ್ಟನೆ ಎಚ್ಚರಗೊಳ್ಳಬೇಕು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಿ ಅನ್ನೋ ಪ್ರಚಾರ ಶುರುವಾದ ಮೇಲೆ, ಕಾರಣ ಗೊತ್ತಾಗದ ಹಠಾತ್ ಶಿಶು ಮರಣ ಆ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಈ ಸಾವುಗಳಲ್ಲಿ ಸುಮಾರು 90 ಭಾಗ ಆರು ತಿಂಗಳೊಳಗೇ ಆಗೋದು, ಒಂದರಿಂದ ನಾಲ್ಕು ತಿಂಗಳ ನಡುವೆ ಅತಿ ಹೆಚ್ಚು. ಸ್ವಂತ ಬಲದಿಂದ ಎರಡೂ ಕಡೆಗೆ ಮಗುಚೋ ಹೊತ್ತಿಗೆ ಕತ್ತು, ಭುಜ ಗಟ್ಟಿಯಾಗಿರುತ್ತೆ, ಮೂಗು ಒತ್ತಿದರೆ ಮುಖ ತಿರುಗಿಸಿಕೊಳ್ಳೋ ಶಕ್ತಿ ಬಂದಿರುತ್ತೆ.

ಹಾಗಾಗಿ ನಿಮ್ಮ ಗಮನವೆಲ್ಲ ಹಾಸಿಗೆ ಮೇಲಿರಲಿ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಕೂರೋ ಒಂದೇ ಬಟ್ಟೆ. ದಿಂಬು, ರಜಾಯಿ, ಗೊಂಬೆ, ತೊಟ್ಟಿಲ ಅಂಚಿಗೆ ಕಟ್ಟೋ ಮೆತ್ತೆ ಯಾವುದೂ ಬೇಡ. ನಿಮ್ಮ ಕೋಣೆಯಲ್ಲೇ ಮಲಗಲಿ, ಆದರೆ ಅವಳ ಹಾಸಿಗೆ ಬೇರೆ ಇರಲಿ. ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಸೇದಬಾರದು.

ಪ್ರಶ್ನೆ (ಮೊಮ್ಮಗನನ್ನು ನೋಡಿಕೊಳ್ಳುವ ಅಜ್ಜಿ): ನಮ್ಮ ಮಕ್ಕಳೆಲ್ಲ ಬೋರಲೇ ಮಲಗಿ ಬೆಳೆದವರು ಕಣಮ್ಮ. ಅಂಗಾತ ಮಲಗಿದ್ದಾಗ ಕಕ್ಕಿಕೊಂಡರೆ ಹಾಲು ನೆತ್ತಿಗೆ ಹತ್ತಲ್ವಾ?

ಉತ್ತರ: ಅಜ್ಜಿ, ಆಗ ಎಷ್ಟೋ ಕಡೆ ಡಾಕ್ಟರುಗಳೇ ಬೋರಲು ಮಲಗಿಸಿ ಅಂತಿದ್ದರು, ನಿಮ್ಮ ತಪ್ಪೇನಿಲ್ಲ. ಹಾಲಿನ ವಿಷಯ ಮಾತ್ರ ನಾವು ಅಂದುಕೊಂಡಿರೋದಕ್ಕೆ ಉಲ್ಟಾ. ಅಂಗಾತ ಮಲಗಿದಾಗ ಉಸಿರಿನ ಕೊಳವೆ ಮೇಲಿರುತ್ತೆ, ಅನ್ನನಾಳ ಅದರ ಕೆಳಗೆ. ಉಕ್ಕಿ ಬಂದ ಹಾಲು ಮೇಲಕ್ಕೆ ಏರಿದರೆ ತಾನೇ ಉಸಿರಿನ ಕೊಳವೆಗೆ ಹೋಗೋದು? ಬೋರಲಾದಾಗ ಅನ್ನನಾಳ ಮೇಲೆ ಬಂದು, ಹಾಲು ಉಸಿರಿನ ಕೊಳವೆ ಬಾಯಿಗೆ ಇಳಿಯೋದು ಇನ್ನೂ ಸುಲಭ. ಕಕ್ಕೋ ಮಕ್ಕಳನ್ನೂ ಅಂಗಾತವೇ ಮಲಗಿಸಿ. ತೇಗು ಬರಿಸಿ, ಸ್ವಲ್ಪ ಹೊತ್ತು ಎತ್ತಿಕೊಂಡಿದ್ದು ಆಮೇಲೆ ಹಾಕಿ.

ಇನ್ನೊಂದು ಮಾತು, ಇದು ಮಗುವನ್ನ ನೋಡಿಕೊಳ್ಳೋ ಎಲ್ಲರಿಗೂ. ದಿನಾ ಅಂಗಾತ ಮಲಗಿ ಅಭ್ಯಾಸವಾದ ಮಗುವನ್ನ ಬೇರೆಯವರು ಒಂದು ದಿನ ಬೋರಲು ಮಲಗಿಸಿದರೆ ಅಪಾಯ ಹತ್ತಾರು ಪಟ್ಟು ಏರಬಹುದು. ಯಾರ ಕೈಗೆ ಮಗು ಕೊಟ್ಟರೂ ಇದನ್ನ ಬಾಯಿಬಿಟ್ಟು ಹೇಳಿ, ಸಂಕೋಚ ಬೇಡ.

ಪ್ರಶ್ನೆ (ಅವಧಿಗೆ ಮುಂಚೆ ಹುಟ್ಟಿದ ಮಗನ ಅಪ್ಪ): ಮೇಡಂ, ನಮ್ಮವನು ಏಳು ವಾರ ಮೊದಲೇ ಹುಟ್ಟಿದ. ಐಸಿಯುನಲ್ಲಿ ನರ್ಸ್‌ಗಳೇ ಬೋರಲು ಮಲಗಿಸ್ತಿದ್ರು. ಮನೆಯಲ್ಲಿ ಯಾಕೆ ಬೇಡ?

ಉತ್ತರ: ಅಲ್ಲಿ ಎದೆಬಡಿತ, ಆಮ್ಲಜನಕ ಎರಡನ್ನೂ ಯಂತ್ರ ಕ್ಷಣಕ್ಷಣಕ್ಕೂ ನೋಡ್ತಿತ್ತು. ಶ್ವಾಸಕೋಶ ಬಲಿಯದ ಮಗುವಿಗೆ ಬೋರಲು ಭಂಗಿಯಿಂದ ಉಸಿರಾಟಕ್ಕೆ ಅನುಕೂಲ ಅಂತ ಹಾಗೆ ಮಾಡ್ತಾರೆ, ಮನೆಗೆ ಕಳಿಸೋ ಮೊದಲೇ ಅಂಗಾತಕ್ಕೆ ಅಭ್ಯಾಸ ಮಾಡಿಸ್ತಾರೆ. ಅವಧಿಗೆ ಮುಂಚೆ ಹುಟ್ಟಿದವರಿಗೆ ಹಠಾತ್ ಮರಣದ ಅಪಾಯ ಜಾಸ್ತಿ, ಹಾಗಾಗಿ ನಿಮ್ಮ ಮನೆಯಲ್ಲಿ ನಿಯಮ ಇನ್ನೂ ಬಿಗಿಯಾಗಿರಲಿ. ಮಗುಚೋದನ್ನ ಲೆಕ್ಕ ಹಾಕುವಾಗ ವಯಸ್ಸಿಂದ ಆ ಏಳು ವಾರ ಕಳೆಯಿರಿ. ಓರಗೆಯ ಮಕ್ಕಳ ಜೊತೆ ಹೋಲಿಸಿ ಕೊರಗೋದು ಬೇಡ.

ಪ್ರಶ್ನೆ: ಅಂಗಾತ ಮಲಗಿಸಿ ಮಲಗಿಸಿ ನಮ್ಮ ಪುಟ್ಟಿಯ ತಲೆ ಹಿಂದೆ ಚಪ್ಪಟೆ ಆಗಿದೆ. ಎಚ್ಚರ ಇದ್ದಾಗ ಬೋರಲು ಹಾಕಿದರೆ ಕಿರುಚ್ತಾಳೆ.

ಉತ್ತರ: ಕಿರುಚಲಿ, ಆದರೆ ಬಿಡಬೇಡಿ. ಒಂದೇ ಸಲ ಬಹಳ ಹೊತ್ತು ಬೇಡ, ಮೂರು ನಿಮಿಷ, ಐದು ನಿಮಿಷದಂತೆ ಆಗಾಗ ಹಾಕಿ. ನೀವೂ ನೆಲದ ಮೇಲೆ ಬೋರಲು ಮಲಗಿ ಮುಖಕ್ಕೆ ಮುಖ ಕೊಟ್ಟು ಮಾತಾಡಿ, ಇಲ್ಲಾಂದರೆ ನಿಮ್ಮ ಎದೆ ಮೇಲೆ ಹಾಕಿಕೊಳ್ಳಿ. ಇನ್ನೂ ತೆವಳದ ಮಕ್ಕಳಿಗೆ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕಣ್ಣು ತೂಗೋಕೆ ಶುರುವಾದರೆ ಎತ್ತಿ ಅಂಗಾತ ಹಾಕಿ. ಮಲಗಿಸುವಾಗ ತಲೆ ಒಂದು ದಿನ ಈ ಕಡೆ, ಒಂದು ದಿನ ಆ ಕಡೆ ಇರಲಿ. ತಲೆಗೆಂದು ಮಾರೋ ತೂತಿನ ದಿಂಬು ತರಬೇಡಿ.

ಪ್ರಶ್ನೆ: ಕಾಲಿಗೆ ಸಾಕ್ಸ್ ಥರ ಹಾಕಿ ಆಮ್ಲಜನಕ ನೋಡೋ ಉಪಕರಣ ತಗೊಳ್ಳಬಹುದಾ?

ಉತ್ತರ: ಅದರಿಂದ ಹಠಾತ್ ಮರಣ ತಪ್ಪುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಸುಳ್ಳು ಅಲಾರಂ ಹೊಡೆದು ಅರ್ಧರಾತ್ರಿ ಓಡಿ ಬರೋರು ಇದ್ದಾರೆ. ಅದಕ್ಕಿಂತ ಕೆಟ್ಟದ್ದು, ಯಂತ್ರ ಇದೆಯಲ್ಲ ಅಂತ ದಿಂಬು, ರಜಾಯಿ ಮತ್ತೆ ತೊಟ್ಟಿಲು ಸೇರೋದು.

ಮೊದಲ ಅಮ್ಮ: ಡಾಕ್ಟರ್, ಇವತ್ತು ಹಗಲು ಕೂತು ನೋಡಿದೆ. ಬೋರಲಿಂದ ಅಂಗಾತಕ್ಕೆ ತಾನೇ ಬರ್ತಾಳೆ, ಆದರೆ ಎಡಗಡೆಯಿಂದ ಮಾತ್ರ.

ಉತ್ತರ: ಸಲೀಸಾಗಿ, ಮತ್ತೆ ಮತ್ತೆ ಬರ್ತಾಳೆ ಅಂದರೆ ಸಾಕು. ಒಂದೋ ಎರಡೋ ಸಲ ಅಕಸ್ಮಾತ್ ಆಗಿದ್ದರೆ ಇನ್ನೂ ಕೆಲವು ದಿನ ನೋಡಿ. ಶುರುವಿನಲ್ಲಿ ಒಂದೇ ಪಕ್ಕ ಇಷ್ಟಪಡೋದು ಸಾಮಾನ್ಯ. ಆದರೆ ತಲೆಯನ್ನೂ ಯಾವಾಗಲೂ ಒಂದೇ ಕಡೆಗೆ ವಾಲಿಸಿ, ಇನ್ನೊಂದು ಕಡೆ ತಿರುಗಿಸೋಕೆ ಕಷ್ಟಪಟ್ಟರೆ ಕತ್ತಿನ ಸ್ನಾಯು ಬಿಗಿದಿರಬಹುದು, ನಿಮ್ಮ ಮಕ್ಕಳ ಡಾಕ್ಟರಿಗೆ ತೋರಿಸಿ.

ಆಮೇಲೆ, ಇವತ್ತಿಂದ ಡೈಪರ್ ಬದಲಿಸೋದು ನೆಲದ ಮೇಲೆ. ಮಂಚದ ಮೇಲೆ ಹಾಕಿ ಬಟ್ಟೆ ತರೋಕೆ ಅಂತ ತಿರುಗಿದ ಕ್ಷಣದಲ್ಲೇ ಈ ವಯಸ್ಸಿನ ಮಕ್ಕಳು ಬೀಳೋದು.