30,000 ರೂಪಾಯಿಯೊಳಗೆ ಹಾಲ್‌ನ ಟಿವಿಗೊಂದು ಗೇಮಿಂಗ್ ಪಿಸಿ: ಹಳೆಯ ಆಫೀಸ್ ಡಬ್ಬವೋ, ಹೊಸ ಜೋಡಣೆಯೋ?

ಹುಬ್ಬಳ್ಳಿ_ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಾಲ್‌ನಲ್ಲಿ 43 ಇಂಚಿನ ಟಿವಿಯೊಂದಿದೆ. ಅದರ ಕೆಳಗಿನ ಶೋಕೇಸಿನಲ್ಲಿ ಕೂರುವಂಥ ಪಿಸಿಯೊಂದನ್ನು 30,000 ರೂಪಾಯಿಯೊಳಗೆ ಹೊಂದಿಸಬೇಕೆಂದಿದ್ದೇನೆ. ಬೇರೆ ಟೇಬಲ್, ಕುರ್ಚಿ, ಮಾನಿಟರ್‌ಗಳಿಗೆ ಮನೆಯಲ್ಲಿ ಜಾಗವಿಲ್ಲ. ಆಡುವವರು ಮೂವರು: ನಾನು, ನನ್ನ ಹೆಂಡತಿ ಮತ್ತು ಐದನೆಯ ತರಗತಿಯಲ್ಲಿ ಓದುತ್ತಿರುವ ಮಗಳು. ದಿ ವಿಚರ್ 3 ಆಡಬೇಕೆಂಬ ನನ್ನ ಆಸೆ ಅದು ಬಂದ 2015ರಿಂದಲೂ ಹಾಗೆಯೇ ಉಳಿದಿದೆ. ಅವರಿಬ್ಬರಿಗೆ ಒಟ್ಟಿಗೆ ಕೂತು ಆಡುವಂಥದ್ದು ಬೇಕು. ಕಂಪನಿಗಳು ಮಾರಿಬಿಟ್ಟ ಹಳೆಯ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಳ್ಳಲೋ, ರೈಜನ್ 5 5600ಜಿ ಪ್ರೊಸೆಸರ್ ತೆಗೆದುಕೊಂಡು ಹೊಸದನ್ನೇ ಜೋಡಿಸಿಕೊಳ್ಳಲೋ ಎಂಬುದು ಮೊದಲ ಪ್ರಶ್ನೆ. ಸೋಫಾದಲ್ಲಿ ಕೂತು ಇದನ್ನೆಲ್ಲ ಕೈಯಲ್ಲಿ ಹಿಡಿದು ನಡೆಸುವ ಬಗೆ ಯಾವುದು ಎಂಬುದು ಎರಡನೆಯದು.

ಹಳೇ_ಡಬ್ಬ:
ಹಳೆಯದನ್ನೇ ಕೊಳ್ಳಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಆಫೀಸುಗಳಿಂದ ಹೊರಬೀಳುವ ಡೆಲ್, ಎಚ್‌ಪಿ, ಲೆನೊವೊ ಡಬ್ಬಗಳಿಗೆ ಈಗ ಬರವಿಲ್ಲ. ಆದರೆ ಅಗ್ಗವೆಂದು 6 ಅಥವಾ 7ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವುದನ್ನು ತರಬೇಡಿ. ವಿಂಡೋಸ್ 11 ಬೆಂಬಲದ ಪಟ್ಟಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದಲೇ ಶುರುವಾಗುತ್ತದೆ, ಅಷ್ಟೇ ಅಲ್ಲದೆ ಐ5-7500ರಲ್ಲಿರುವುದು ನಾಲ್ಕೇ ಕೋರ್‌ಗಳು, ಅದರ ನಂತರ ಬಂದ ಐ5-8500ರಲ್ಲಿ ಆರು. ಅದಕ್ಕೊಂದು ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ವಿಚರ್ 3 ಅನ್ನು 1080ಪಿಯಲ್ಲಿ, ಮಧ್ಯಮ ಸೆಟ್ಟಿಂಗ್‌ನಲ್ಲಿ ನೆಮ್ಮದಿಯಾಗಿ ಆಡಬಹುದು.

1650 ಎಂದು ಬೇಕೆಂದೇ ಹೇಳುತ್ತಿದ್ದೇನೆ. ಅದು 75 ವ್ಯಾಟ್‌ನ ಕಾರ್ಡ್. ಹೆಚ್ಚುವರಿ ಪವರ್ ಕೇಬಲ್ ಬೇಡದ, ಮದರ್‌ಬೋರ್ಡಿನ ಸ್ಲಾಟ್‌ನಿಂದಲೇ ವಿದ್ಯುತ್ ಪಡೆಯುವ ಮಾದರಿಗಳು ಅದರಲ್ಲಿ ಸಿಗುತ್ತವೆ. ಆಫೀಸ್ ಡಬ್ಬಗಳ ಪವರ್ ಸಪ್ಲೈಯಲ್ಲಿ ಆ ಕೇಬಲ್ ಸಾಮಾನ್ಯವಾಗಿ ಇರುವುದೇ ಇಲ್ಲ. ಅಂಗಡಿಯವರು ಆರ್‌ಎಕ್ಸ್ 6400 ತೋರಿಸಿದರೆ ಬೇಡವೆನ್ನಿ. ಕಾಗದದ ಮೇಲೆ ಅದು ಇನ್ನೂ ಕಡಿಮೆ, ಅಂದರೆ 53 ವ್ಯಾಟ್ ಉಣ್ಣುವ ಕಾರ್ಡಾದರೂ ಅದಕ್ಕಿರುವುದು ನಾಲ್ಕೇ ಪಿಸಿಐಇ ಲೇನ್‌ಗಳು, ಅಂದರೆ ಬೋರ್ಡಿನೊಡನೆ ಮಾಹಿತಿ ಸಾಗಿಸುವ ದಾರಿಗಳು, ಪಿಸಿಐಇ 4.0 ಇರುವ ಬೋರ್ಡಿನಲ್ಲಿ ಅದು ಸಾಲುತ್ತದೆ, ಈ ಹಳೆಯ 3.0 ಬೋರ್ಡುಗಳಲ್ಲಿ ಆ ದಾರಿಯ ಅಗಲ ಅರ್ಧಕ್ಕಿಳಿಯುತ್ತದೆ. ನನ್ನ ಡಬ್ಬ 8 ಜಿಬಿ ರ‍್ಯಾಮ್ ಸಮೇತ 11,000ಕ್ಕೆ ಸಿಕ್ಕಿತು, ಬಳಸಿದ ಕಾರ್ಡ್ 8,500ಕ್ಕೆ. ಉಳಿದ ಹಣದಲ್ಲಿ ಇನ್ನೊಂದು 8 ಜಿಬಿಯ ಸ್ಟಿಕ್, ಎರಡು ಕಂಟ್ರೋಲರ್ ಬಂದವು.

ಎಸ್‌ಪಿ_ರಸ್ತೆ_ಪಾದಚಾರಿ:
ಹಳೇ_ಡಬ್ಬ ಅವರು ಒಂದು ಮಾತನ್ನು ನುಂಗಿಕೊಂಡಿದ್ದಾರೆ. ಆ ಡಬ್ಬಗಳ ಪವರ್ ಸಪ್ಲೈ, ಮದರ್‌ಬೋರ್ಡ್, ಕೆಲವೊಮ್ಮೆ ಮುಂಭಾಗದ ಪವರ್ ಬಟನ್ನಿನ ವೈರ್ ಕೂಡ ಆ ಕಂಪನಿಯ ಅಳತೆಯವೇ ಆಗಿರುತ್ತವೆ. ಬೋರ್ಡ್ ಸತ್ತರೆ ಅದೇ ಮಾದರಿಯ ಇನ್ನೊಂದು ಹೆಣದಿಂದಲೇ ಕಿತ್ತು ಹಾಕಬೇಕು. 5600ಜಿಯಲ್ಲಿ ಆರು ಕೋರ್‌ಗಳ ಜೊತೆಗೆ ಗ್ರಾಫಿಕ್ಸ್ ಒಳಗೇ ಇದೆ; ಇಂದು ಕಾರ್ಡ್ ಇಲ್ಲದೆ ಶುರುಮಾಡಿ, ಕೈಯಲ್ಲಿ ಹಣ ಓಡಾಡಿದಾಗ ಆರ್‌ಎಕ್ಸ್ 6600ನಂಥ ಕಾರ್ಡನ್ನು ಸಿಕ್ಕಿಸಿಕೊಳ್ಳಬಹುದು.

ಆದರೆ ರ‍್ಯಾಮ್ ಒಂದೇ ಸ್ಟಿಕ್ ಹಾಕಿಸಿಕೊಂಡರೆ ಕೆಟ್ಟಿರಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ತನ್ನದೆಂಬ ಮೆಮೊರಿ ಇರುವುದಿಲ್ಲ, ಅದು ಪಿಸಿಯ ರ‍್ಯಾಮನ್ನೇ ಹಂಚಿಕೊಂಡು ಬದುಕುತ್ತದೆ. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು. ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ ಕೂರಿಸಿದರೆ 51.2 ಜಿಬಿ. ಮುಂದೆ ಹೆಚ್ಚಿಸಿಕೊಳ್ಳಲು ಸ್ಲಾಟ್ ಖಾಲಿ ಇರಲಿ ಎಂಬ ಜಾಣತನದಿಂದ ನಾನು 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿದ್ದೆ. ವಿಚರ್ 3ರಲ್ಲಿ ನೊವಿಗ್ರಾಡ್ ಪಟ್ಟಣದ ಸಂತೆಗೆ ಕಾಲಿಟ್ಟ ಕೂಡಲೇ ಆಟದ ನಾಯಕ ಗೆರಾಲ್ಟ್ ಕೆಸರಿನಲ್ಲಿ ಹೂತವನಂತೆ ನಡೆಯತೊಡಗಿದ. ಆ ಸ್ಟಿಕ್ ಹಿಂದಿರುಗಿಸಿ 8 ಜಿಬಿಯ ಎರಡನ್ನು ತಂದ ಮೇಲೆ, ಅದೇ ಸಂತೆಯಲ್ಲಿ, 720ಪಿ ಮತ್ತು ಕಡಿಮೆ ಸೆಟ್ಟಿಂಗ್‌ನಲ್ಲಿ ನಡಿಗೆ ಸರಾಗವಾಯಿತು.

ಹಳೇ_ಡಬ್ಬ:
43 ಇಂಚಿನ ಟಿವಿಯಲ್ಲಿ 720ಪಿ! ಗೆರಾಲ್ಟನ ಗಡ್ಡ ಉಪ್ಪಿಟ್ಟಿನಂತೆ ಕಾಣುತ್ತದೆ. ಅದಿರಲಿ, ನೀವು ರ‍್ಯಾಮ್ ಕೊಂಡ ಕಾಲ ಬೇರೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ನುಂಗತೊಡಗಿದ ಮೇಲೆ ರ‍್ಯಾಮ್, ಎಸ್‌ಎಸ್‌ಡಿಗಳ ಬೆಲೆ ಎಲ್ಲಿಗೆ ಹೋಗಿದೆ ಎಂಬುದನ್ನು ನಾಳೆ ನಿಮ್ಮ ಬೆಂಗಳೂರಿನ ಎಸ್‌ಪಿ ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲೇ ಒಮ್ಮೆ ಕೇಳಿ ಬನ್ನಿ. ಹಳೆಯ ಡಬ್ಬದೊಳಗೆ ಆ ರ‍್ಯಾಮ್ ಮೊದಲೇ ಕೂತಿರುತ್ತದೆ, ನನ್ನ ಲೆಕ್ಕ ಅಷ್ಟೇ.

ಎಸ್‌ಪಿ_ರಸ್ತೆ_ಪಾದಚಾರಿ:
ರ‍್ಯಾಮ್ ಬೆಲೆಯ ವಿಷಯದಲ್ಲಿ ಎದುರಾಡುವುದಿಲ್ಲ. ಪ್ರೊಸೆಸರ್, ಬೋರ್ಡ್, ಪವರ್ ಸಪ್ಲೈ, ಕ್ಯಾಬಿನೆಟ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಈಗಿನ ದರದಲ್ಲಿ 30,000ದೊಳಗೆ ಕಂಟ್ರೋಲರಿಗೆ ಹಣ ಉಳಿಯುವುದು ಕಷ್ಟವೇ. ಹಾಗಾಗಿ ಹಳೆಯದನ್ನೇ ತರುವುದಾದರೆ ತೆಳ್ಳನೆಯ ಡಬ್ಬ ಬೇಡ, ಟವರ್ ಮಾದರಿಯನ್ನು ಹುಡುಕಿ ಎಂಬುದಷ್ಟೇ ನನ್ನ ವಾದ. ತೆಳ್ಳನೆಯದಕ್ಕೆ ಲೋ-ಪ್ರೊಫೈಲ್, ಅಂದರೆ ಗಿಡ್ಡ ಕಾರ್ಡೇ ಆಗಬೇಕು. ಅದಕ್ಕೆ ಬೆಲೆ ಹೆಚ್ಚು, ಗಾಳಿ ಕಡಿಮೆ.

ಕಡಲ_ತಡಿ:
ಇಷ್ಟೆಲ್ಲ ಪರದಾಟದ ಬದಲು ಬಳಸಿದ ಪಿಎಸ್4 ಗೇಮ್ ಕನ್ಸೋಲ್ ತಂದರೆ ಹಾಲ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದಲ್ಲವೇ?

ಸಂಜೆಯಾಟ:
ನಡೆಯುತ್ತದೆ, ನನ್ನ ತಮ್ಮನ ಮನೆಯಲ್ಲಿ ಅದೇ ಇದೆ. ಆದರೆ ಅವನು ಯಂತ್ರದ ಮೇಲೆ ಉಳಿಸಿದ ಹಣವನ್ನು ಆಟಗಳ ಮೇಲೆ ಕಳೆದ. ಪಿಸಿಯಲ್ಲಿ ಎಪಿಕ್ ಎಂಬ ಆನ್‌ಲೈನ್ ಆಟದಂಗಡಿಯವರು 2018ರ ಡಿಸೆಂಬರಿನಿಂದ ಪುಕ್ಕಟೆ ಆಟಗಳನ್ನು ಕೊಡುತ್ತ ಬಂದಿದ್ದಾರೆ. ಸ್ಟೀಮ್ ಎಂಬ ಇನ್ನೊಂದು ಅಂಗಡಿಯಲ್ಲಿ ರೂಪಾಯಿಯಲ್ಲೇ ಬೆಲೆ ಇದೆ, ಮತ್ತು ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆ ಮೀರದಿದ್ದರೆ, ಹಣ ಹಿಂದಕ್ಕೆ ಪಡೆಯಬಹುದು. ಮಗುವಿಗೆ ಯಾವುದು ಹಿಡಿಸುತ್ತದೆಂದು ತಿಳಿಯದ ಮನೆಯಲ್ಲಿ ಆ ಎರಡು ಗಂಟೆ ದೊಡ್ಡ ಸೌಲಭ್ಯ.

ಡಬ್ಬದವರೇ, ಪಾದಚಾರಿಗಳೇ, ನೀವಿಬ್ಬರೂ ಇನ್ನೂ ಕ್ಯಾಬಿನೆಟ್ಟಿನೊಳಗೇ ತಲೆ ಹಾಕಿಕೊಂಡಿದ್ದೀರಿ. ಪ್ರಶ್ನೆ ಕೇಳಿದವರು ಸೋಫಾದ ಮೇಲೆ ಕಾಯುತ್ತಿದ್ದಾರೆ. ನಾನು ಎರಡು ವರ್ಷದಿಂದ ಟಿವಿಯಲ್ಲೇ ಆಡುತ್ತಿದ್ದೇನೆ, ಮೊದಲ ವಾರ ಹಾಲೋ ನೈಟ್ ಎಂಬ ಆಟ ಹಾಕಿಕೊಂಡು ಅತ್ತಿದ್ದೊಂದೇ ಬಾಕಿ. ಜಿಗಿಯುವ ಬಟನ್ ಒತ್ತಿದರೆ ಆ ಪುಟ್ಟ ಹುಳು ಯೋಚಿಸಿ ಜಿಗಿದಂತೆ ತೋರುತ್ತಿತ್ತು. ಆಟವೇ ಕಠಿಣವಿರಬೇಕೆಂದು ನಂಬಿದ್ದೆ. ತಪ್ಪು ಟಿವಿಯದಾಗಿತ್ತು: ಚಿತ್ರವನ್ನು ಅಂದಗೊಳಿಸುವ ಸಂಸ್ಕರಣೆಯೆಲ್ಲ ಚಾಲೂ ಇದ್ದಾಗ ಟಿವಿ ಪ್ರತಿ ಚಿತ್ರವನ್ನೂ ತಡೆದಿಟ್ಟುಕೊಂಡೇ ತೋರಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್, ಟಿವಿ 100 ಮಿಲಿಸೆಕೆಂಡ್ ತಡೆದರೆ ನಿಮ್ಮ ಬೆರಳು ಆರು ಫ್ರೇಮ್ ಹಿಂದೆ ಉಳಿಯಿತೆಂದೇ ಅರ್ಥ. ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದೆ, ಅದೇ ಸಂಜೆ ಮೊದಲ ದೊಡ್ಡ ಎದುರಾಳಿಯನ್ನು ಸೋಲಿಸಿದೆ. ಕೆಲವು ಟಿವಿಗಳಲ್ಲಿ ಈ ಮೋಡ್ ಪ್ರತಿ ಎಚ್‌ಡಿಎಂಐ ಪೋರ್ಟಿಗೂ ಬೇರೆ ಬೇರೆ ನೆನಪಿನಲ್ಲಿರುತ್ತದೆ. ಕೇಬಲ್ ಬದಲಿಸಿದರೆ ಮತ್ತೆ ನೋಡಿಕೊಳ್ಳಿ.

ಎರಡನೆಯ ಕಾಟ ಡಾಂಗಲ್‌ನದು. ಕಂಟ್ರೋಲರಿನ ವೈರ್‌ಲೆಸ್ ಡಾಂಗಲನ್ನು, ಅಂದರೆ ಅದರ ಸಂಕೇತ ಹಿಡಿಯುವ ಪುಟ್ಟ ಯುಎಸ್‌ಬಿ ತುಣುಕನ್ನು, ಪಿಸಿಯ ಹಿಂದೆ, ಯುಎಸ್‌ಬಿ 3.0 ಹಾರ್ಡ್ ಡಿಸ್ಕಿನ ಪಕ್ಕದಲ್ಲಿ ಸಿಕ್ಕಿಸಿದ್ದೆ. ಓಡುತ್ತಿದ್ದವನು ಬೆರಳು ತೆಗೆದರೂ ಓಡಿ ಹಳ್ಳಕ್ಕೆ ಬೀಳುತ್ತಿದ್ದ, ಒಮ್ಮೊಮ್ಮೆ ಒತ್ತಿದ ಬಟನ್ ತಲುಪುತ್ತಲೇ ಇರಲಿಲ್ಲ. ಯುಎಸ್‌ಬಿ 3.0ರ ಸಂಕೇತಗಳು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲವೆಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ, ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಂದು, ಡಾಂಗಲನ್ನು ಟಿವಿ ಸ್ಟ್ಯಾಂಡಿನ ಅಂಚಿಗೆ, ಸೋಫಾಕ್ಕೆ ಎದುರಾಗಿ, ಟೇಪ್ ಹಚ್ಚಿ ಅಂಟಿಸಿದೆ. ಅಲ್ಲಿಗೆ ಕಾಟ ನಿಂತಿತು.

ಹುಬ್ಬಳ್ಳಿ_ಹವ್ಯಾಸಿ:
ಸಂಜೆಯಾಟ ಅವರೇ, ಡಾಂಗಲ್ ವಿಷಯ ನನಗೆ ಹೊಳೆಯುತ್ತಲೇ ಇರಲಿಲ್ಲ. ಕಂಟ್ರೋಲರ್ ಯಾವುದನ್ನು ತರಲಿ? ತಾಯಿ–ಮಗಳಿಗೆ ಯಾವ ಆಟ ಹೇಳುತ್ತೀರಿ?

ಸಂಜೆಯಾಟ:
ಕಂಟ್ರೋಲರಿಗೆ ಬ್ರ್ಯಾಂಡ್ ನೋಡುವ ಮೊದಲು ಎರಡು ಮಾತು ಕೇಳಿ: ಎಕ್ಸ್‌ಇನ್‌ಪುಟ್ ಇದೆಯೇ, ಹೆಬ್ಬೆರಳಿನಿಂದ ತಿರುಗಿಸುವ ಸ್ಟಿಕ್‌ನಲ್ಲಿ ಹಾಲ್ ಎಫೆಕ್ಟ್ ಸೆನ್ಸರ್ ಇದೆಯೇ? ಮೊದಲನೆಯದಿದ್ದರೆ ಆಟಗಳು ಅದನ್ನು ಎಕ್ಸ್‌ಬಾಕ್ಸ್ ಕಂಟ್ರೋಲರೆಂದೇ ತಿಳಿಯುತ್ತವೆ. ಎರಡನೆಯದು ಅಯಸ್ಕಾಂತದಿಂದ ಕೆಲಸ ಮಾಡುವುದರಿಂದ, ಸವೆದು ತಾನಾಗಿ ಒಂದೆಡೆಗೆ ಜಾರುವ ರೋಗ ಅದಕ್ಕೆ ಸುಲಭವಾಗಿ ಅಂಟದು. ನಮ್ಮ ದೇಶದ್ದೇ ಆದ ಕಾಸ್ಮಿಕ್ ಬೈಟ್, ಇವೊಫಾಕ್ಸ್‌ಗಳಲ್ಲೂ ಇಂಥವು ಸಿಗುತ್ತವೆ. ಜೊತೆಗೆ ಟಚ್‌ಪ್ಯಾಡ್ ಇರುವ ಸಣ್ಣ ವೈರ್‌ಲೆಸ್ ಕೀಬೋರ್ಡ್ ಒಂದಿರಲಿ. ಸ್ಟೀಮ್ ಅನ್ನು ಟಿವಿಗೆ ಒಗ್ಗಿಸುವ ಬಿಗ್ ಪಿಕ್ಚರ್ ಮೋಡ್ ಎಷ್ಟೇ ಚೆನ್ನಾಗಿದ್ದರೂ ವಿಂಡೋಸ್ ಒಂದಲ್ಲ ಒಂದು ದಿನ ನಡುವೆ ಬಾಯಿ ಹಾಕಿಯೇ ಹಾಕುತ್ತದೆ.

ಮಗಳಿಗೆ ಸೆಲೆಸ್ಟ್ ಕೊಡಿಸಿ. ಬೆಟ್ಟ ಹತ್ತುವ ಹುಡುಗಿಯ ಆಟ, ಪ್ರತಿ ಪರದೆಯೂ ಒಂದೊಂದು ಪುಟ್ಟ ಒಗಟು. ಅದು ಕಷ್ಟದ ಆಟವೇ, ಆದರೆ ಅದರಲ್ಲಿರುವ ಅಸಿಸ್ಟ್ ಮೋಡ್ ಆಟದ ವೇಗವನ್ನು ಅರ್ಧದವರೆಗೂ ಇಳಿಸಲು ಬಿಡುತ್ತದೆ, ಹಾಗೆಂದು ಆಡುವವರನ್ನು ಎಲ್ಲಿಯೂ ಹೀಯಾಳಿಸುವುದಿಲ್ಲ. ಪುಣೆಯವರು 2020ರಲ್ಲಿ ತಂದ ರಾಜಿ ಎಂಬ ಆಟವೂ ಇದೆ. ಕಳೆದುಹೋದ ತಮ್ಮನನ್ನು ಹುಡುಕುವ ಅಕ್ಕನ ಕಥೆಯನ್ನು ದುರ್ಗೆ ಮತ್ತು ವಿಷ್ಣು ತಮ್ಮೊಳಗೆ ಮಾತಾಡಿಕೊಳ್ಳುತ್ತ ಹೇಳುತ್ತಾರೆ. ನಡುವೆ ಬರುವ ನೆರಳು ಬೊಂಬೆಗಳ ದೃಶ್ಯ ಕಂಡು ನಮ್ಮ ಅತ್ತೆಯವರು ತೊಗಲುಗೊಂಬೆಯಾಟವೆಂದು ಕೂತು ನೋಡಿದರು. ಕಾಳಗ ಮಾತ್ರ ತುಸು ಜಡ, ಬಹುಬೇಗ ಮುಗಿದೂ ಹೋಗುತ್ತದೆ. ಆದರೆ ಕ್ಯಾಮೆರಾವನ್ನು ಆಟವೇ ನಡೆಸುವುದರಿಂದ ಎರಡು ಸ್ಟಿಕ್‌ಗಳನ್ನು ಒಟ್ಟಿಗೆ ತಿರುಗಿಸಲು ಬಾರದ ಮಕ್ಕಳಿಗೆ ಅದು ಒಗ್ಗುತ್ತದೆ.

ಇಬ್ಬರು ಕೂಡಿ ಆಡಲು ಸ್ಟಾರ್‌ಡ್ಯೂ ವ್ಯಾಲಿ. 2020ರ ಕೊನೆಯ 1.5 ಅಪ್‌ಡೇಟ್‌ನಿಂದ ಒಂದೇ ಪರದೆಯನ್ನು ಸೀಳಿಕೊಂಡು ಇಬ್ಬರೂ ಒಂದೇ ಹೊಲದಲ್ಲಿ ದುಡಿಯಬಹುದು. ಓವರ್‌ಕುಕ್ಡ್ 2 ತರುವುದಾದರೆ ಮನೆಯ ಶಾಂತಿಗೆ ನಾನು ಹೊಣೆಯಲ್ಲ. ತಟ್ಟೆ ತೊಳೆಯುವವರು ಯಾರೆಂಬ ಜಗಳ ನಿಜವಾದ ಅಡುಗೆಮನೆಯಿಂದ ಟಿವಿಗೂ ಬಂತು.

ಮಣೆ_ಮೌಸ್:
ಸೋಫಾ ಎಂದ ಕೂಡಲೇ ಎಲ್ಲರೂ ಕಂಟ್ರೋಲರಿಗೇ ಶರಣಾಗುವುದು ನನಗೆ ಒಪ್ಪಿಗೆಯಿಲ್ಲ. ಸಿವಿಲೈಜೇಶನ್ 6 ಅನ್ನು ನಾನು ನೆಲದ ಮೇಲೆ ಚಾಪೆ ಹಾಸಿ, ಚಪಾತಿ ಮಣೆಯನ್ನು ಬೋರಲು ಹಾಕಿ, ಅದರ ಮೇಲೆ ಮೌಸ್ ಆಡಿಸುತ್ತ ನೂರಾರು ಗಂಟೆ ಆಡಿದ್ದೇನೆ. ಸರದಿಯ ಆಟವಾದ್ದರಿಂದ ಟಿವಿಯ ತಡವೂ ಬಾಧಿಸುವುದಿಲ್ಲ.

ಸಂಜೆಯಾಟ:
ಮಣೆಗೆ ನನ್ನ ವಿರೋಧವಿಲ್ಲ, ಎಂಟು ಅಡಿ ದೂರದಿಂದ ಆ ಅಕ್ಷರಗಳನ್ನು ಓದುವುದು ಹೇಗೆ?

ಮಣೆ_ಮೌಸ್:
ಓದಲಾಗುವುದಿಲ್ಲ ಎಂದೇ ಚಾಪೆಯನ್ನು ನಾಲ್ಕು ಅಡಿಗೆ ಎಳೆದುಕೊಂಡೆ. ಇದು ವಿಚರ್ 3ಕ್ಕೂ ಅನ್ವಯಿಸುತ್ತದೆ, ಹವ್ಯಾಸಿಗಳು ಗಮನಿಸಬೇಕು. 2022ರ ಡಿಸೆಂಬರಿನ ಅಪ್‌ಡೇಟ್‌ನಲ್ಲಿ ಸಂಭಾಷಣೆಯ ಮತ್ತು ಸಬ್‌ಟೈಟಲ್‌ನ ಅಕ್ಷರ ದೊಡ್ಡದು ಮಾಡುವ ಆಯ್ಕೆ ಬಂದಿದೆ. ಅದನ್ನು ಮೊದಲೇ ಹಾಕಿಕೊಳ್ಳಿ. ಆದರೆ ಅದೇ ಅಪ್‌ಡೇಟ್ ತಂದ ಡೈರೆಕ್ಟ್‌ಎಕ್ಸ್ 12 (ಚಿತ್ರ ಮೂಡಿಸಲು ಆಟಗಳು ಬಳಸುವ ವಿಂಡೋಸ್ ತಂತ್ರಾಂಶ) ಆವೃತ್ತಿ ಹಳೆಯ ಯಂತ್ರಕ್ಕೆ ಭಾರ. ಆಟಕ್ಕೆ ಮೊದಲು ತೆರೆಯುವ ಲಾಂಚರಿನಲ್ಲಿ ಡೈರೆಕ್ಟ್‌ಎಕ್ಸ್ 11 ಆರಿಸಿದರೆ 1650 ಉಸಿರಾಡುತ್ತದೆ.

ಎಸ್‌ಪಿ_ರಸ್ತೆ_ಪಾದಚಾರಿ:
ಕರೆಂಟಿನ ಮಾತು ಯಾರೂ ಎತ್ತಲಿಲ್ಲ. ಮನೆಗೆ ಇನ್ವರ್ಟರ್ ಇದ್ದರೆ ಅದರಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಹಾಕಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಎಚ್ಚರಗೊಳ್ಳುವ ಆ ರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಶೋಕೇಸಿನ ಹಿಂದಿನ ಹಲಗೆಯನ್ನೂ ಬಿಚ್ಚಿಸಿ, ಏಪ್ರಿಲ್ ಬರುವ ಮೊದಲೇ.

ಹುಬ್ಬಳ್ಳಿ_ಹವ್ಯಾಸಿ (ಮೂರು ವಾರಗಳ ನಂತರ):
ಎಲ್ಲರಿಗೂ ತಿಳಿಸಬೇಕಾದ್ದು ಬಾಕಿ ಇತ್ತು. ಐ5-8500 ಇರುವ ಟವರ್ ಮಾದರಿಯೇ ಸಿಕ್ಕಿತು, ಬಳಸಿದ 1650 ಹಾಕಿಸಿದೆ. ಒಂದು ಸ್ಟಿಕ್ ರ‍್ಯಾಮ್, ಎರಡು ಕಂಟ್ರೋಲರ್, ಕೀಬೋರ್ಡ್, ಯುಎಸ್‌ಬಿ ಕೇಬಲ್ ಎಲ್ಲ ಸೇರಿ 28,700 ರೂಪಾಯಿ ಆಯಿತು. ಗೇಮ್ ಮೋಡ್ ಹಾಕಿದ ಮೇಲೆ ಟಿವಿಯ ಬಣ್ಣ ಪೇಲವವಾಯಿತೆಂದು ಹೆಂಡತಿ ಧಾರಾವಾಹಿಯ ಹೊತ್ತಿಗೆ ದೂರಿದ್ದರಿಂದ, ಪಿಸಿಯ ಪೋರ್ಟಿಗೆ ಮಾತ್ರ ಅದನ್ನು ಉಳಿಸಿದ್ದೇನೆ. ಮಗಳು ಸೆಲೆಸ್ಟ್‌ನ ವೇಗವನ್ನು 70 ಪ್ರತಿಶತಕ್ಕಿಟ್ಟುಕೊಂಡು ಎರಡು ಅಧ್ಯಾಯ ದಾಟಿದ್ದಾಳೆ. ಮೊನ್ನೆ ತಾನೇ ಅದನ್ನು 80ಕ್ಕೆ ಏರಿಸಿದಳು. ಸ್ಟಾರ್‌ಡ್ಯೂನ ಹೊಲ ಹೆಂಡತಿಯ ವಶವಾಗಿದೆ. ನನಗೆ ಟಿವಿ ಸಿಗುವುದು ರಾತ್ರಿ ಹತ್ತರ ಮೇಲೆ, ಆಗ ಸದ್ದು ಮಾಡುವಂತಿಲ್ಲ. ಬ್ಲೂಟೂತ್ ಹೆಡ್‌ಫೋನ್ ಹಾಕಿದರೆ ಕತ್ತಿ ತಗುಲಿದ ಮೇಲೆ ಸದ್ದು ಬರುತ್ತದೆ. ಇದಕ್ಕೇನು ಮಾಡಲಿ?

ಸಂಜೆಯಾಟ:
ಬ್ಲೂಟೂತ್‌ಗೆ ಆ ತಡ ಇದ್ದದ್ದೇ. ಟಿವಿಯ ಹಿಂದೆ ಹೆಡ್‌ಫೋನ್ ಜ್ಯಾಕ್ ಇದ್ದರೆ ಐದು ಮೀಟರಿನ ಎಕ್ಸ್‌ಟೆನ್ಷನ್ ವೈರ್ ತಂದು ಹಳೆಯ ವೈರ್‌ನ ಹೆಡ್‌ಫೋನ್ ಹಾಕಿಕೊಳ್ಳಿ. ವೈರನ್ನು ಸೋಫಾದ ಹಿಂದಿನಿಂದ ಎಳೆಯಿರಿ. ನಮ್ಮಲ್ಲಿ ಮುಂದಿನಿಂದ ಎಳೆದಿದ್ದಾಗ, ನೀರು ಕುಡಿಯಲೆಂದು ಎದ್ದು ಬಂದ ಅತ್ತೆಯವರು ಅದಕ್ಕೆ ಎಡವಿದ್ದರು.