ಮದುವೆಯಲ್ಲಿ ‘ಓದಿಸುವುದು’, ‘ಮುಯ್ಯಿ’: ನಿಮ್ಮ ಕಡೆ ಏನಂತಾರೆ?

ಗೆಳೆಯರೇ, ನಮಸ್ಕಾರ.

ಮದುವೆಯಲ್ಲಿ ಉಡುಗೊರೆ ಕೊಡುವುದಕ್ಕೆ ‘ಓದಿಸು’ ಅನ್ನುವ ಮಾತು ನಿಮ್ಮ ಕಡೆ ಇದೆಯಾ? ಇದ್ದರೆ ಯಾವ ಊರಿನಲ್ಲಿ, ಯಾರ ಬಾಯಲ್ಲಿ ಅಂತ ತಿಳಿಸಿ.

ಈಚೆಗೆ ಬಳ್ಳಾರಿಯಲ್ಲಿ ಗೆಳತಿಯ ಮನೆ ಮದುವೆಗೆ ಹೋಗಿದ್ದೆ. ಅವರ ಮನೆಮಾತು ತೆಲುಗು. ನಾನು ಕೊಪ್ಪಳದ ಕಡೆಯವಳು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ಮದುಮಕ್ಕಳಿಗೆ ನೀರು ಹಾಕುವ ಸುರಗಿ ಶಾಸ್ತ್ರ ನೋಡಿ ಬೆಳೆದವಳು. ಇಲ್ಲಿ ವಧೂವರರ ನಡುವೆ ತೆರೆ ಹಿಡಿದರು. ಒಬ್ಬರ ತಲೆ ಮೇಲೆ ಒಬ್ಬರು ಜೀರಿಗೆ ಬೆಲ್ಲ ಇಟ್ಟರು. ಪಕ್ಕದಲ್ಲಿದ್ದ ಅಮ್ಮ ಒಬ್ಬರು “ಇದೇ ನೋಡವ್ವ ಮುಹೂರ್ತ, ಅಕ್ಷತೆ ಹಾಕು” ಅಂದರು. ತಾಳಿ ಆಮೇಲೆ. ಅದಾದ ಮೇಲೆ ತಲಂಬ್ರಾಲು. ಅರಿಶಿನ ಬೆರೆಸಿದ ಅಕ್ಕಿಯನ್ನು ಇಬ್ಬರೂ ಪೈಪೋಟಿಗೆ ಬಿದ್ದು ಬೊಗಸೆ ಬೊಗಸೆ ಸುರಿಯುತ್ತಾರೆ. ನೋಡೋಕೆ ತುಂಬ ಚಂದ.

ಊಟಕ್ಕೆ ಏಳುವಾಗ ಆ ಅಮ್ಮನೇ “ಓದಿಸಿದ್ರಾ?” ಅಂತ ಕೇಳಿದರು. ತೆಲುಗಿನಲ್ಲಿ ಇದು ಚದಿವಿಂಪುಲು. ಚದುವು ಅಂದರೆ ಓದು. ಯಾರು ಏನು ಕೊಟ್ಟರು ಅಂತ ಎಲ್ಲರ ಎದುರು ಗಟ್ಟಿಯಾಗಿ ಹೇಳುವ ಪದ್ಧತಿಯಿಂದ ಬಂದ ಹೆಸರು. ಈಗ ಲಕೋಟೆ ಸೀದಾ ಮದುಮಕ್ಕಳ ಕೈಗೆ ಹೋಗೋದೇ ಜಾಸ್ತಿ. ಮಾತು ಮಾತ್ರ ಹಾಗೇ ಉಳಿದಿದೆ.

ನಮ್ಮಲ್ಲಿ ಇದಕ್ಕೆ ಮುಯ್ಯಿ ಅಂತಾರೆ. ಹಂದರದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ಆ ಪುಸ್ತಕ ಮನೆಯಲ್ಲಿ ಜೋಪಾನ. ಕೊಟ್ಟವರ ಮನೆ ಮದುವೆಗೆ ಹೊರಡುವ ಮುಂಚೆ ತೆಗೆದು ನೋಡಬೇಕಲ್ಲ. ಬರಹದ ಕನ್ನಡದಲ್ಲಿ ‘ಮುಯ್ಯಿ ತೀರಿಸಿಕೊಂಡ’ ಅಂದರೆ ಸೇಡು. ಹೊಲದ ಕೆಲಸದಲ್ಲಿ ‘ಮುಯ್ಯಾಳು’ ಅಂದರೆ ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ಮೂರರಲ್ಲೂ ಇರೋದು ತಿರುಗಿ ಕೊಡುವ ಲೆಕ್ಕವೇ. ಇಷ್ಟು ತುಂಬಿದ ಪದವನ್ನು ಬರೆಯುವವರು ಸೇಡಿಗೆ ಮಾತ್ರ ಬಳಸುವುದು ನೋಡಿದರೆ ನನಗೆ ಬೇಜಾರು. ‘ಉಡುಗೊರೆ’ಯಲ್ಲಿ ಆ ಲೆಕ್ಕ ಇಲ್ಲ. (ಬಟ್ಟೆ ಉಡುಗೊರೆ ಕೊಡುವುದಕ್ಕೆ ‘ಆಯೇರಿ’ ಅಂತ ಬೇರೆಯೇ ಮಾತಿದೆ, ಮರಾಠಿಯ ‘ಆಹೇರ್’ ಹತ್ತಿರದ್ದು. ಅದನ್ನು ಇನ್ನೊಮ್ಮೆ ಮಾತಾಡೋಣ.)

ಮತ್ತೆ ‘ಓದಿಸು’ಗೆ ಬರ್ತೀನಿ. ಬಳ್ಳಾರಿ 1953ರವರೆಗೆ ಅನಂತಪುರ, ಕರ್ನೂಲುಗಳ ಜೊತೆ ಮದ್ರಾಸ್ ರಾಜ್ಯದಲ್ಲಿತ್ತು. ಎರಡೂ ಭಾಷೆ ಆಡುವ ಮನೆಗಳು ಇಲ್ಲಿ ಇವತ್ತಿಗೂ ಬೇಕಾದಷ್ಟು. ಹಾಗಾಗಿ ‘ಓದಿಸು’ ಚದಿವಿಂಪುಲಿನಿಂದಲೇ ಬಂದಿರಬೇಕು ಅಂತ ನನ್ನ ಅನಿಸಿಕೆ. ಆದರೆ ತೆಲುಗಿನ ನಂಟು ಕಡಿಮೆ ಇರುವ ಹಾವೇರಿ, ಹಾಸನದ ಕಡೆಯೂ ಈ ಮಾತು ಇದ್ದರೆ? ಆಗ ಹೆಸರು ಕೂಗಿ ಹೇಳುವ ಪದ್ಧತಿಯಿಂದ ಕನ್ನಡದಲ್ಲೂ ಬೇರೆಯಾಗಿಯೇ ಹುಟ್ಟಿರಬಹುದು, ಅಲ್ವಾ? ಆ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಬರೀ ‘ಓದಿಸು’ ಅಂತಾರಾ, ‘ಮುಯ್ಯಿ ಓದಿಸು’ ಅಂತ ಸೇರಿಸಿ ಹೇಳ್ತಾರಾ ಅನ್ನೋದನ್ನೂ ತಿಳಿಸಿ.