ಮೂರು ಮಾನಿಟರ್‌ಗೆ ಯಾವ ಡೆಸ್ಕ್‌ಟಾಪ್? ಬಜೆಟ್ 60 ಸಾವಿರ, ಊರು ಪುಣೆ

ವಾಕಡ್_ಲೆಕ್ಕಿಗ:
ಮನೆಯಲ್ಲೇ ಕೂತು ಅಕೌಂಟ್ಸ್ ಕೆಲಸ ಮಾಡುತ್ತೇನೆ. ಟ್ಯಾಲಿ ಪ್ರೈಮ್, ಭಾರಿ ಎಕ್ಸೆಲ್ ಫೈಲ್‌ಗಳು, ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ಪಕ್ಕದಲ್ಲಿ ಪಾರ್ಟಿಗಳ ಬಿಲ್ಲಿನ ಪಿಡಿಎಫ್. ಎರಡು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಮೊದಲಿಂದ ಇವೆ, ಈಗ 27 ಇಂಚಿನ 4ಕೆ ಒಂದು ತಂದೆ. ಹಳೇ ಡೆಸ್ಕ್‌ಟಾಪ್ ಎರಡಕ್ಕಿಂತ ಜಾಸ್ತಿ ತಗೊಳ್ಳುತ್ತಿಲ್ಲ. ಗೇಮ್ ಇಲ್ಲ, ವಿಡಿಯೊ ಎಡಿಟಿಂಗ್ ಇಲ್ಲ. ಸಿಪಿಯು ಡಬ್ಬಕ್ಕೆ ಮಾತ್ರ 60 ಸಾವಿರ ಇಟ್ಟಿದ್ದೇನೆ. ಮುಂಬೈಗೆ ಹೋಗಿ ತರುವುದಕ್ಕೂ ತಯಾರು. ಏನು ತಗೊಳ್ಳಲಿ?

ದಾದರ್_ಡಿಸೈನರ್:
ಯೋಚನೆಯೇ ಬೇಡ. ಆಪಲ್‌ನ ಎಂ4 ಮ್ಯಾಕ್ ಮಿನಿ. 2024ರಲ್ಲಿ ಬಂದಾಗಲೇ 59,900 ಇತ್ತು, ಶುರುವಿನ ಮಾಡೆಲ್‌ನಲ್ಲೇ 16 ಜಿಬಿ ರ‍್ಯಾಮ್. ಹಿಂದೆ ಮೂರು ಥಂಡರ್‌ಬೋಲ್ಟ್, ಒಂದು ಎಚ್‌ಡಿಎಂಐ ಪೋರ್ಟ್. ಮೂರು ಮಾನಿಟರ್ ಆರಾಮಾಗಿ ನಡೆಯುತ್ತವೆ. ಸದ್ದಿಲ್ಲ, ಬಿಸಿ ಇಲ್ಲ, ಸುಮ್ಮನೆ ಇದ್ದಾಗ ಐದು ವ್ಯಾಟ್ ಕೂಡ ತಿನ್ನುವುದಿಲ್ಲ. ನನ್ನ ಮೇಜಿನ ಮೇಲೆ ಅದೇ ಇದೆ, ಮೂರು ಸ್ಕ್ರೀನ್ ಹಚ್ಚಿದ್ದೇನೆ, ದಿನವಿಡೀ ಫೋಟೊಶಾಪ್ ತೆರೆದೇ ಇರುತ್ತದೆ.

ಡೊಂಬಿವಲಿ_ದಫ್ತರ:
ಪ್ರಶ್ನೆ ಓದಿದಿರಾ? ಅವರು ಟ್ಯಾಲಿ ಅಂತ ಬರೆದಿದ್ದಾರೆ. ಟ್ಯಾಲಿ ಪ್ರೈಮ್ ನಡೆಯುವುದು ವಿಂಡೋಸ್‌ನಲ್ಲಿ. ಮ್ಯಾಕ್ ಮೇಲೆ ಓಡಿಸಬೇಕಂದರೆ ಒಳಗೆ ವರ್ಚುವಲ್ ಮಷಿನ್‌ನಲ್ಲಿ ಇನ್ನೊಂದು ವಿಂಡೋಸ್ ಹಾಕಬೇಕು, ಅಥವಾ ಕ್ಲೌಡ್‌ಗೆ ದುಡ್ಡು ಕಟ್ಟಬೇಕು. ಡಿಜಿಟಲ್ ಸಹಿಯ ಟೋಕನ್, ಮ್ಯಾಕ್ರೊ ಇರುವ ಎಕ್ಸೆಲ್ ಯುಟಿಲಿಟಿ, ಇವೆಲ್ಲ ವಿಂಡೋಸ್ ನಂಬಿಕೊಂಡೇ ಬಂದಿರುವುದು.

ನಾನು ಆಫೀಸಿನ ಐಟಿ ನೋಡಿಕೊಳ್ಳುವವನು. ನನ್ನ ಸಲಹೆ ರಿಫರ್ಬಿಶ್ಡ್. ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಸಾಲಾಗಿ ಸಿಗುತ್ತವೆ. ಇಂಟೆಲ್ 8ನೇ ಜನರೇಶನ್ ಅಥವಾ ಅದರ ಮೇಲಿನದು ತಗೊಳ್ಳಿ. ಐ5 8500 ಪ್ರೊಸೆಸರ್ ಒಳಗಿನ ಯುಎಚ್‌ಡಿ 630 ಗ್ರಾಫಿಕ್ಸ್ ಮೂರು ಡಿಸ್‌ಪ್ಲೇ ನಡೆಸುತ್ತದೆ. ಹಿಂದೆ ಎರಡು ಡಿಸ್‌ಪ್ಲೇಪೋರ್ಟ್ ಜೊತೆಗೆ ಮೂರನೆಯ ಐಚ್ಛಿಕ ಪೋರ್ಟ್ ಇರುವ ಪೀಸ್ ಹುಡುಕಿ. ಬಜೆಟ್ಟಿನ ಅರ್ಧವೂ ಆಗುವುದಿಲ್ಲ, ಉಳಿದದ್ದರಲ್ಲಿ ಒಳ್ಳೆ ಯುಪಿಎಸ್ ಬರುತ್ತದೆ.

ಹಡಪ್ಸರ್_ಹಾರ್ಡ್‌ವೇರ್:
ರಿಫರ್ಬಿಶ್ಡ್ ಯಾರಿಗೂ ಹೇಳಬೇಡಿ. ನನ್ನ ಗೆಳೆಯನಿಗೆ ಒಂದು ಅಂಗಡಿಯವನು ವಿಂಡೋಸ್ 11 ಹಾಕಿದ 7ನೇ ಜನರೇಶನ್ ಪೆಟ್ಟಿಗೆ ಕೊಟ್ಟು ಕಳಿಸಿದ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಇಂಟೆಲ್ 8ನೇ ಜನರೇಶನ್‌ನಿಂದ ಮೇಲೆ ಇರಬೇಕು, ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ ಇರಬೇಕು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇರೆಯವರ ತೆರಿಗೆ ಲೆಕ್ಕ ಇಡುವವರು ಅಂಥ ಮಷಿನ್ ಮೇಲೆ ಕೂರಬಾರದು.

ಅಸೆಂಬಲ್ ಮಾಡಿಸಿ. ಐ5 12400ಎಫ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಜಿಟಿ 1030 ಗ್ರಾಫಿಕ್ಸ್ ಕಾರ್ಡ್. ಪುಣೆಯ ತಾಪ್ಕೀರ್ ಗಲ್ಲಿಯಲ್ಲಿ ಒಂದೇ ಮಧ್ಯಾಹ್ನಕ್ಕೆ ಎಲ್ಲ ಸಿಗುತ್ತದೆ.

ಡೊಂಬಿವಲಿ_ದಫ್ತರ:
8ನೇ ಜನರೇಶನ್ ಅಂತ ಸ್ಪಷ್ಟವಾಗಿ ಬರೆದಿದ್ದೇನೆ. ನಿಮ್ಮ ಗೆಳೆಯ 7ನೆಯದು ತಂದದ್ದಕ್ಕೆ ನಾನು ಹೊಣೆಯಲ್ಲ.

ಮತ್ತೆ ನೀವು ಹೇಳಿದ ಪಟ್ಟಿ ನೋಡಿ. 12400ಎಫ್. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಮದರ್‌ಬೋರ್ಡಿನ ಪೋರ್ಟುಗಳೆಲ್ಲ ಸತ್ತ ಹಾಗೆ. ಜಿಟಿ 1030 ನಡೆಸುವುದೇ ಎರಡು ಡಿಸ್‌ಪ್ಲೇ. ಮೂರು ಮಾನಿಟರ್ ಕೇಳಿದವರಿಗೆ ಎರಡು ಮಾನಿಟರಿನ ಪಿಸಿ ಕಟ್ಟಿಸಿ ಕಳಿಸುತ್ತಿದ್ದೀರಿ!

ಹಡಪ್ಸರ್_ಹಾರ್ಡ್‌ವೇರ್:
ಕಾರ್ಡ್ ಹೆಸರು ಉದಾಹರಣೆಗೆ ಹೇಳಿದ್ದು. ಅಸೆಂಬಲ್ ಮಾಡಿಸುವುದರ ಲಾಭವೇ ಅದು, ಬೇಕಾದ ಕಾರ್ಡ್ ಹಾಕಿಸಬಹುದು. ಎನ್‌ವಿಡಿಯಾ ಟಿ400 ಹಾಕಿಸಿ, ಮೂರು ಮಿನಿ ಡಿಸ್‌ಪ್ಲೇಪೋರ್ಟ್ ಇವೆ, 30 ವ್ಯಾಟ್ ಸಾಕು, ಬೇರೆ ಪವರ್ ಕೇಬಲ್ ಬೇಡ. ನಿಮ್ಮ ಲೀಸ್ ಪೆಟ್ಟಿಗೆಯಲ್ಲಿ ನಾಳೆ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಹೋದರೆ ಆ ಕಂಪನಿಯದೇ ಕನೆಕ್ಟರ್ ಇರುವ ಎಸ್‌ಎಂಪಿಎಸ್ ಹುಡುಕಿಕೊಂಡು ಅಲೆಯಬೇಕು.

ದಾದರ್_ಡಿಸೈನರ್:
"ಉಳಿದದ್ದರಲ್ಲಿ ಯುಪಿಎಸ್" ಅಂತೀರಿ. ಯುಪಿಎಸ್ ಯಾಕೆ ಬೇಕು? ಇಷ್ಟು ವರ್ಷ ದಾದರ್‌ನಲ್ಲಿದ್ದೇನೆ, ಯುಪಿಎಸ್ ಇಟ್ಟಿಲ್ಲ, ಒಂದು ಫೈಲೂ ಹಾಳಾಗಿಲ್ಲ. ಸುಮ್ನೆ ಖರ್ಚು ಹೆಚ್ಚಿಸಬೇಡಿ.

ಕೋಥ್ರೂಡ್_ಕೋಡರ್:
ಅಣ್ಣ, ಕೇಳಿದವರು ವಾಕಡ್‌ನಲ್ಲಿದ್ದಾರೆ. ನಿಮಗೆ ಮುಂಬೈನ ಬೆಸ್ಟ್ ಸಂಸ್ಥೆಯ ಕರೆಂಟ್, ನಮಗೆ ರಾಜ್ಯದ ವಿದ್ಯುತ್ ಕಂಪನಿ ಮಹಾವಿತರಣದ್ದು. ಪುಣೆಯಲ್ಲಿ ಗುರುವಾರ ಬಂತಂದರೆ ಮೆಂಟೆನೆನ್ಸ್ ಅಂತ ತೆಗೆಯುತ್ತಾರೆ. ಎಲ್ಲ ಕಡೆ ಅಲ್ಲ, ಎಲ್ಲ ವಾರವೂ ಅಲ್ಲ, ಆದರೆ ಯಾವ ವಾರ ನಿಮ್ಮ ಸರದಿ ಅಂತ ಎಸ್‌ಎಂಎಸ್ ಬರುವ ತನಕ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು, ಡೆಸ್ಕ್‌ಟಾಪೇ ಬೇಡ. ಲ್ಯಾಪ್‌ಟಾಪ್ ತಗೊಂಡು, ಮಾನಿಟರ್‌ಗಳನ್ನು ಜೋಡಿಸುವ ಡಾಕ್ ಹಚ್ಚಿ. ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ.

ಮಡಗಾಂವ್_ಮಳೆಗಾಲ:
"ಕೆಲಸ ನಿಲ್ಲುವುದಿಲ್ಲ" ಅಂದರೆ ಹೇಗೆ? ಲ್ಯಾಪ್‌ಟಾಪ್ ಉಳಿಯುತ್ತದೆ, ಮೂರೂ ಮಾನಿಟರ್ ಕಪ್ಪಾಗುತ್ತವೆ, ರೂಟರ್ ಆರುತ್ತದೆ. ಮೂರು ಸ್ಕ್ರೀನಿಗೆ ಹರಡಿಟ್ಟ ಕಿಟಕಿಗಳೆಲ್ಲ 14 ಇಂಚಿನೊಳಗೆ ಬಂದು ಒಂದರ ಮೇಲೊಂದು ಬೀಳುತ್ತವೆ. ಲ್ಯಾಪ್‌ಟಾಪ್ ಇದ್ದರೂ ಯುಪಿಎಸ್ ಬೇಕೇ ಬೇಕು. ಗೋವಾದಲ್ಲಿ ಜೂನ್ ಬಂದರೆ ಮಿಂಚಿಗೊಮ್ಮೆ ಟ್ರಿಪ್ ಆಗುತ್ತದೆ. ನಮಗೆ ಇದು ಪುಸ್ತಕದ ಮಾತಲ್ಲ.

ಕೋಥ್ರೂಡ್_ಕೋಡರ್:
ರೂಟರ್‌ಗೆ ಸಣ್ಣ ಯುಪಿಎಸ್ ಬೇರೆಯೇ ಬರುತ್ತದೆ, ಅಂಗೈಯಷ್ಟಿರುತ್ತದೆ. ಅದೊಂದು ದೊಡ್ಡ ವಿಷಯ ಅಲ್ಲ.

ದಾದರ್_ಡಿಸೈನರ್:
ಗೋವಾದ ಮಿಂಚನ್ನು ಪುಣೆಯವರ ಮೇಲೆ ಹೊರಿಸಬೇಡಿ. ಮುಂಬೈನಲ್ಲಿ ಕರೆಂಟ್ ಹೋಗುವುದೇ ಇಲ್ಲ.

ಡೊಂಬಿವಲಿ_ದಫ್ತರ:
"ಹೋಗುವುದೇ ಇಲ್ಲ"ವಾ? 2020ರ ಅಕ್ಟೋಬರ್ 12 ನೆನಪಿದೆಯಾ? ಬೆಳಿಗ್ಗೆ ಹತ್ತರ ಹೊತ್ತಿಗೆ ಮುಂಬೈ, ಠಾಣೆ, ನವಿ ಮುಂಬೈ ಒಟ್ಟಿಗೆ ಕತ್ತಲಾಯಿತು, ಲೋಕಲ್ ಟ್ರೈನ್‌ಗಳು ಹಳಿಯ ಮೇಲೇ ನಿಂತವು. ಜನ ಮನೆಯಿಂದ ಕೆಲಸ ಮಾಡುತ್ತಿದ್ದ ವರ್ಷ ಅದು. ಮತ್ತೆ ಮುಂಬೈ ಅಂದರೆ ದಾದರ್ ಒಂದೇ ಅಲ್ಲ. ಮುಲುಂಡ್, ಭಾಂಡುಪ್ ಪಾಲಿಕೆಯೊಳಗೇ ಇವೆ, ಅಲ್ಲಿಯೂ ಮಹಾವಿತರಣವೇ. ನಮ್ಮ ಡೊಂಬಿವಲಿಯ ಬೇಸಿಗೆ ಬಂದು ನೋಡಿ, ಆಮೇಲೆ ಮಾತಾಡಿ.

ದಾದರ್_ಡಿಸೈನರ್:
ಒಂದು ದಿನದ ಗ್ರಿಡ್ ಫೇಲ್ಯೂರ್ ಹಿಡಿದುಕೊಂಡು ಜೀವನಪೂರ್ತಿ ಬ್ಯಾಟರಿ ಕೊಳ್ಳುತ್ತೀರಾ? ಅವತ್ತು ನಿಮ್ಮ ಯುಪಿಎಸ್ ಎಷ್ಟು ನಿಮಿಷ ಬಂತು ಹೇಳಿ.

ಮಡಗಾಂವ್_ಮಳೆಗಾಲ:
"ಎಷ್ಟು ನಿಮಿಷ" ಅನ್ನುವುದೇ ತಪ್ಪು ಪ್ರಶ್ನೆ. ಯುಪಿಎಸ್ ಇರುವುದು ಸಿನಿಮಾ ನೋಡುವುದಕ್ಕಲ್ಲ, ಸೇವ್ ಮಾಡಿ ಮುಚ್ಚುವುದಕ್ಕೆ. ಲೆಕ್ಕ ಕೊಡುತ್ತೇನೆ. 24 ಇಂಚಿನದು ಒಂದಕ್ಕೆ 20 ವ್ಯಾಟ್ ಆಸುಪಾಸು, 27 ಇಂಚಿನ 4ಕೆಗೆ 35, ಆಫೀಸ್ ಕೆಲಸದ ಪಿಸಿಗೆ 60. ಒಟ್ಟು 135, ನೀವು 150 ಹಿಡಿಯಿರಿ. ಸಾಮಾನ್ಯ 600 ವಿಎ ಯುಪಿಎಸ್ 360 ವ್ಯಾಟ್ ತನಕ ಹೊರುತ್ತದೆ, ಆದ್ದರಿಂದ ಲೋಡ್ ಸಮಸ್ಯೆ ಇಲ್ಲ. ಒಳಗಿನ ಬ್ಯಾಟರಿ 12 ವೋಲ್ಟ್ 7 ಎಎಚ್, ಅಂದರೆ ಕಾಗದದ ಮೇಲೆ 84 ವ್ಯಾಟ್-ಅವರ್. ಲೆಡ್ ಬ್ಯಾಟರಿಯನ್ನು ಅಷ್ಟು ವೇಗವಾಗಿ ಎಳೆದರೆ ಅರ್ಧ ಸಿಕ್ಕರೆ ಪುಣ್ಯ. ಹೊಸದರಲ್ಲಿ ಕಾಲು ಗಂಟೆ. ಟ್ಯಾಲಿ ಡೇಟಾ ಬರೆಯುತ್ತಿರುವಾಗ ಪಿಸಿ ಫಕ್ಕನೆ ಆರಿದರೆ ಕಂಪನಿ ಫೈಲ್ ಕೆಡಬಹುದು. ಅದನ್ನು ತಪ್ಪಿಸಲು ಈ ಕಾಲು ಗಂಟೆ ಬೇಕಾದಷ್ಟಾಯಿತು.

ಹಡಪ್ಸರ್_ಹಾರ್ಡ್‌ವೇರ್:
"ಕಾಲು ಗಂಟೆ" ಗುರುವಾರಕ್ಕೆ ಏನಕ್ಕೂ ಸಾಲದು. ಬೆಳಿಗ್ಗೆ ತೆಗೆದರೆ ಮಧ್ಯಾಹ್ನದ ತನಕ ಬರುವುದಿಲ್ಲ. ಪುಣೆಯ ಬಹಳ ಮನೆಗಳಲ್ಲಿ ಇನ್ವರ್ಟರ್ ಇದ್ದೇ ಇದೆ. 150 ಎಎಚ್ ಬ್ಯಾಟರಿ ಅಂದರೆ 1800 ವ್ಯಾಟ್-ಅವರ್. ಅದೇ 150 ವ್ಯಾಟಿಗೆ ನಿಮ್ಮ ಪ್ರಕಾರ ಅರ್ಧ ಹಿಡಿದರೂ ಆರು ಗಂಟೆ ಬರುತ್ತದೆ. ಯುಪಿಎಸ್ ಯಾಕೆ?

ಮಡಗಾಂವ್_ಮಳೆಗಾಲ:
ಇನ್ವರ್ಟರ್ ಬದಲಾಗುವ ಹೊತ್ತಿಗೆ ಪಿಸಿ ರೀಸ್ಟಾರ್ಟ್ ಆಗುತ್ತದೆ. ಇದು ಎಲ್ಲರಿಗೂ ಗೊತ್ತು.

ಹಡಪ್ಸರ್_ಹಾರ್ಡ್‌ವೇರ್:
ಎಲ್ಲರಿಗೂ ಗೊತ್ತಿರುವುದು ಅರ್ಧ. ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ. ಫ್ಯಾನು-ಲೈಟಿನ ಮೋಡ್‌ನಲ್ಲಿಟ್ಟರೆ ನೀವು ಹೇಳಿದ್ದು ನಿಜ, ಪಿಸಿ ಬೀಳುತ್ತದೆ. ಯುಪಿಎಸ್ ಮೋಡ್‌ನಲ್ಲಿ ಬೇಗ ಬದಲಾಗುತ್ತದೆ, ಎಸ್‌ಎಂಪಿಎಸ್‌ನ ಕೆಪಾಸಿಟರ್ ಆ ಸಣ್ಣ ಅಂತರ ತಡೆದುಕೊಳ್ಳುತ್ತದೆ. ಬಹಳ ಮನೆಗಳಲ್ಲಿ ಆ ಸ್ವಿಚ್ ಯಾರೂ ಮುಟ್ಟಿಯೇ ಇರುವುದಿಲ್ಲ. ಇನ್ವರ್ಟರ್ ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೆ ನುಣುಪಾದ ಅಲೆ ಕೊಡುವಂಥದ್ದು ಇರಬೇಕು, ಅಷ್ಟೇ.

ಮಡಗಾಂವ್_ಮಳೆಗಾಲ:
"ಅಷ್ಟೇ" ಅಲ್ಲ ಸ್ವಾಮಿ. ಪ್ಯೂರ್ ಸೈನ್ ಎಷ್ಟು ಮನೆಯಲ್ಲಿದೆ? ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಇಟ್ಟವರೂ ಇದ್ದಾರೆ. ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಒಳ್ಳೆ ಎಸ್‌ಎಂಪಿಎಸ್ ಅಂಥ ಅಲೆಗೆ ಕೆಲವೊಮ್ಮೆ ಒಗ್ಗುವುದಿಲ್ಲ, ಆಫ್ ಆಗಿಬಿಡುತ್ತದೆ.

ಹಡಪ್ಸರ್_ಹಾರ್ಡ್‌ವೇರ್:
ನೀವು ಹೇಳಿದ 600 ವಿಎ ಅಗ್ಗದ ಯುಪಿಎಸ್ ಕೂಡ ಬ್ಯಾಟರಿ ಮೇಲೆ ಮೆಟ್ಟಿಲು ಮೆಟ್ಟಿಲಾದ ಅಲೆಯನ್ನೇ ಕೊಡುತ್ತದೆ. ನನ್ನ ಇನ್ವರ್ಟರಿಗೆ ಒಂದು ನ್ಯಾಯ, ನಿಮ್ಮ ಯುಪಿಎಸ್‌ಗೆ ಇನ್ನೊಂದಾ?

ವಾಕಡ್_ಲೆಕ್ಕಿಗ:
ದಯವಿಟ್ಟು ನಿಲ್ಲಿಸಿ. ನಮ್ಮ ಸೊಸೈಟಿಯಲ್ಲಿ ಜನರೇಟರ್ ಬ್ಯಾಕಪ್ ಇದೆ, ಅರ್ಧ ನಿಮಿಷದಲ್ಲಿ ಕರೆಂಟ್ ಬರುತ್ತದೆ. ಡೆಸ್ಕ್‌ಟಾಪ್ ಬಗ್ಗೆ ಹೇಳಿ. ಮ್ಯಾಕ್ ಮೇಲೆ ಟ್ಯಾಲಿ ನಡೆಯುವುದಿಲ್ಲ ಅನ್ನುವುದು ನಿಜವಾ?

ಮಡಗಾಂವ್_ಮಳೆಗಾಲ:
"ಅರ್ಧ ನಿಮಿಷ" ಅಂದಿರಲ್ಲ, ಆ ಅರ್ಧ ನಿಮಿಷಕ್ಕೇ ಯುಪಿಎಸ್ ಬೇಕಾಗಿರುವುದು. ನಾನು ಮೊದಲಿಂದ ಹೇಳುತ್ತಿರುವುದು ಇದೇ.

ದಾದರ್_ಡಿಸೈನರ್:
ಟ್ಯಾಲಿಯೊಂದನ್ನು ಇಟ್ಟುಕೊಂಡು ಇಡೀ ಮಷಿನ್ ನಿರ್ಧಾರ ಮಾಡಬೇಡಿ. ವರ್ಚುವಲ್ ಮಷಿನ್‌ನಲ್ಲಿ ಹಾಕಿಕೊಂಡರೆ ಆಯಿತು. ಎಂ4ನ ವೇಗದ ಮುಂದೆ ಆ ಹಳೇ 8500 ನಿಲ್ಲುವುದೇ ಇಲ್ಲ.

ಡೊಂಬಿವಲಿ_ದಫ್ತರ:
ವೇಗ ಯಾರು ಕೇಳಿದರು? ದಿನಾ ಎಂಟು ಗಂಟೆ ಅವರು ಅಂಕಿ ಓದಬೇಕು. ಆಪಲ್ 2018ರ ಮ್ಯಾಕ್‌ಒಎಸ್ ಮೊಹಾವಿಯಿಂದ ಸಬ್‌ಪಿಕ್ಸೆಲ್ ಸ್ಮೂದಿಂಗ್, ಅಂದರೆ ಅಕ್ಷರದ ಅಂಚನ್ನು ಚೊಕ್ಕ ಮಾಡುವ ತಂತ್ರವನ್ನು ತೆಗೆದುಹಾಕಿತು. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಮ್ಯಾಕ್‌ನ ಸಣ್ಣ ಅಕ್ಷರ ಮಸುಕಾಗಿ, ಅಂಚು ಕರಗಿದ ಹಾಗೆ ಕಾಣುತ್ತದೆ. 8 ಮತ್ತು 6 ಬೇರೆ ಅಂತ ಗೊತ್ತಾಗಲು ಕಣ್ಣು ಕಿರಿದು ಮಾಡಬೇಕು. ಜಿಎಸ್‌ಟಿ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಮ್ಯಾಕ್ ತಗೊಂಡರೆ ಆ ಎರಡು ಮಾನಿಟರ್‌ಗಳನ್ನೂ ಬದಲಿಸಬೇಕು, ಆಗ 60 ಸಾವಿರ ಎಲ್ಲಿ ಉಳಿಯಿತು?

ದಾದರ್_ಡಿಸೈನರ್:
ನನಗೇನೂ ಮಸುಕು ಕಾಣುವುದಿಲ್ಲ. ನನ್ನ ಮೂರೂ 4ಕೆ.

ಕೋಥ್ರೂಡ್_ಕೋಡರ್:
ನಾನು ಹೇಳಿದ ಡಾಕ್ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಡಿಸ್‌ಪ್ಲೇಲಿಂಕ್ ಡಾಕ್ ಒಂದಿದ್ದರೆ ಒಂದೇ ಯುಎಸ್‌ಬಿ ಕೇಬಲ್‌ನಲ್ಲಿ ಮೂರೂ ನಡೆಯುತ್ತವೆ.

ಹಡಪ್ಸರ್_ಹಾರ್ಡ್‌ವೇರ್:
ಡಿಸ್‌ಪ್ಲೇಲಿಂಕ್ ಅಂದರೆ ಚಿತ್ರವನ್ನು ಪ್ರೊಸೆಸರ್‌ನಲ್ಲಿ ಕುಗ್ಗಿಸಿ ಯುಎಸ್‌ಬಿಯಲ್ಲಿ ಕಳಿಸುವುದು. ದೊಡ್ಡ ಎಕ್ಸೆಲ್ ಶೀಟು ಜೋರಾಗಿ ಸ್ಕ್ರೋಲ್ ಮಾಡಿದರೆ ಸ್ಕ್ರೀನ್ ಹಿಂದೆ ಬೀಳುತ್ತದೆ. ಡ್ರೈವರ್ ಅಪ್‌ಡೇಟ್ ಕೈಕೊಟ್ಟ ದಿನ ಆ ಮಾನಿಟರ್‌ಗಳೇ ಬರುವುದಿಲ್ಲ. ಪೋರ್ಟ್ ಇಲ್ಲದ ಮಷಿನ್ ಇದ್ದವರು ಅನಿವಾರ್ಯವಾಗಿ ಮಾಡುವ ಕೆಲಸ ಅದು. ಹೊಸದಾಗಿ ಕೊಳ್ಳುವವರು ಯಾಕೆ ಮಾಡಬೇಕು?

ಕೋಥ್ರೂಡ್_ಕೋಡರ್:
ನನ್ನ ಬಳಿ ಇದೆ, ಚೆನ್ನಾಗಿ ನಡೆಯುತ್ತಿದೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ವಾಕಡ್_ಲೆಕ್ಕಿಗ:
ಸರಿ, ಮ್ಯಾಕ್ ಬೇಡ, ಲ್ಯಾಪ್‌ಟಾಪೂ ಬೇಡ. ಹಳೇ ಪೀಸಿಗೆ ಮನಸ್ಸು ಒಪ್ಪುತ್ತಿಲ್ಲ, ಮಾರ್ಚ್‌ನಲ್ಲಿ ಅದು ನಿಂತರೆ ನನ್ನ ಕೆಲಸ ಮುಗಿದ ಹಾಗೆ, ನನಗೆ ಹೊಸದರ ವಾರಂಟಿ ಬೇಕು. ಎಫ್ ಇಲ್ಲದ 12400, ಮೂರು ಔಟ್‌ಪುಟ್ ಇರುವ ಬೋರ್ಡ್ ಸಿಕ್ಕರೆ ಅದು. ಸಿಗದಿದ್ದರೆ ಟಿ400. ಇದು ಸರಿಯಾ?

ಡೊಂಬಿವಲಿ_ದಫ್ತರ:
ರಿಫರ್ಬಿಶ್ಡ್‌ಗೂ ವಾರಂಟಿ ಕೊಡುವ ಅಂಗಡಿಗಳಿವೆ. ಇರಲಿ, ದುಡ್ಡು ನಿಮ್ಮದು. 12400ರ ಒಳಗಿನ ಯುಎಚ್‌ಡಿ 730 ನಾಲ್ಕು ಡಿಸ್‌ಪ್ಲೇ ತನಕ ನಡೆಸುತ್ತದೆ, ಆದ್ದರಿಂದ ಎಲ್ಲ ನಿಂತಿರುವುದು ಬೋರ್ಡಿನ ಹಿಂಭಾಗದ ಮೇಲೆ. ಅಂಗಡಿಯಲ್ಲಿ ಬಾಕ್ಸ್ ತಿರುಗಿಸಿ ಪೋರ್ಟ್ ಎಣಿಸಿ, ಹಳೇ ಕಾಲದ ವಿಜಿಎ ಪೋರ್ಟನ್ನು ಎಣಿಕೆಗೆ ತಗೊಳ್ಳಬೇಡಿ. ಎಚ್‌ಡಿಎಂಐ 1.4 ಇದ್ದರೆ 4ಕೆ 30 ಹರ್ಟ್ಸ್‌ಗೇ ನಿಲ್ಲುತ್ತದೆ, ಮೌಸ್ ಎಳೆದಾಗ ಬಾಣ ಹಿಂದೆ ಹಿಂದೆ ಬರುತ್ತದೆ. 27 ಇಂಚಿನದಕ್ಕೆ ಡಿಸ್‌ಪ್ಲೇಪೋರ್ಟನ್ನೇ ಕೊಡಿ.

ಹಡಪ್ಸರ್_ಹಾರ್ಡ್‌ವೇರ್:
ಕೊನೆಗೆ ಅಸೆಂಬಲ್‌ಗೇ ಬಂದಿರಿ ಅಲ್ವಾ, ನಾನು ಹೇಳಿದ್ದೇ ಅದು. ಟಿ400 ಹಾಕಿಸಿದರೆ ಎರಡು ವಿಷಯ ನೆನಪಿಡಿ. ಅದರಲ್ಲಿರುವುದೆಲ್ಲ ಮಿನಿ ಪೋರ್ಟ್, 24 ಇಂಚಿನವಕ್ಕೆ ಮಿನಿ ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಬೇಕು. ಆ ಕೇಬಲ್‌ಗಳು ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ, ತಿರುವುಮುರುವು ಆಗುವುದಿಲ್ಲ. ಇನ್ನೊಂದು, ಕಾರ್ಡ್ ಹಾಕಿದ ಮೇಲೆ ಬೋರ್ಡಿನ ಪೋರ್ಟುಗಳು ಆಫ್ ಆಗಿ ಕೂರಬಹುದು. ಅವೂ ಬೇಕಾದರೆ ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ಮಲ್ಟಿ-ಮಾನಿಟರ್ ಆಯ್ಕೆ ಆನ್ ಮಾಡಿ.

ಡೊಂಬಿವಲಿ_ದಫ್ತರ:
ನೀವು ಹೇಳಿದ್ದು 12400ಎಫ್ ಮತ್ತು ಜಿಟಿ 1030. ಮೇಲೆ ಹಾಗೇ ಇದೆ, ಯಾರು ಬೇಕಾದರೂ ಓದಬಹುದು.

ಮಡಗಾಂವ್_ಮಳೆಗಾಲ:
ಯುಪಿಎಸ್‌ಗೆ ಪಿಸಿ, ನಡುವಿನ ಒಂದು ಮಾನಿಟರ್ ಮತ್ತು ರೂಟರ್ ಹಚ್ಚಿ. ಉಳಿದ ಎರಡು ಸ್ಕ್ರೀನ್ ಗೋಡೆಯ ಸಾಕೆಟ್‌ನಲ್ಲೇ ಇರಲಿ, ಜನರೇಟರ್ ಬರುವ ತನಕ ಅವಿಲ್ಲದೆ ನಡೆಯುತ್ತದೆ.

ಹಡಪ್ಸರ್_ಹಾರ್ಡ್‌ವೇರ್:
ಪ್ಯೂರ್ ಸೈನ್ ಇನ್ವರ್ಟರ್ ಇದ್ದರೆ ಅದೂ ಬೇಡ.